ಎದೆಯ ಭಾರ ಇಳಿಸಿಕೊಂಡ ಮೇಲಿನ ಆರು ವಾರ
ಬ್ರಾ ಪಟ್ಟಿ ಹೆಗಲಲ್ಲಿ ಕೊರೆದಿದ್ದ ಗುಳಿಗಳನ್ನೂ, ಬೇಸಿಗೆಯಲ್ಲಿ ಎದೆಯಡಿ ಬೆವರಿ ಏಳುತ್ತಿದ್ದ ಗುಳ್ಳೆಗಳನ್ನೂ ವರ್ಷಗಟ್ಟಲೆ ಸಹಿಸಿದ ಮೇಲೆ ನಾನು ಸ್ತನದ ಗಾತ್ರ ತಗ್ಗಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಪೂರ್ಣ ಅರಿವಳಿಕೆಯಲ್ಲಿ ಸುಮಾರು 3 ಗಂಟೆ ಹಿಡಿಯಿತು. ಎಚ್ಚರವಾದಾಗ ಎರಡೂ ಪಕ್ಕದಲ್ಲಿ ದ್ರವ ಹೊರಹೋಗಲು ತೆಳುವಾದ ಕೊಳವೆಗಳಿದ್ದವು. ಮರುದಿನ ಅವನ್ನು ತೆಗೆದರು. ನೋವಿಗಿಂತ ನನ್ನನ್ನು ಕಾಡಿದ್ದು ಕೈ ಎತ್ತಲಾಗದ ಅಸಹಾಯಕತೆ: ಮೊದಲ ವಾರ ತಲೆ ಬಾಚಿಕೊಟ್ಟವಳು ಅಕ್ಕ, ತುಂಬಿದ ಕೊಡವನ್ನು 6 ವಾರ ಎತ್ತುವಂತಿರಲಿಲ್ಲ, ಹಗಲು ರಾತ್ರಿ ಬಿಗಿಯಾದ ಬ್ರಾ ತೊಟ್ಟೇ ಇರಬೇಕಿತ್ತು. ಈ ಶಸ್ತ್ರಚಿಕಿತ್ಸೆಯಿಂದ ಮೊಲೆತೊಟ್ಟಿನ ಸಂವೇದನೆ ಕುಂದಬಹುದು, ಮುಂದೆ ಎದೆಹಾಲುಣಿಸುವುದು ಕಷ್ಟವಾಗಬಹುದು. ಮಗು ಬೇಕೆನ್ನುವವರು ಇದನ್ನು ವೈದ್ಯರೊಡನೆ ಮೊದಲೇ ಬಿಚ್ಚಿ ಮಾತನಾಡಲೇಬೇಕು. ತೊಟ್ಟಿನ ಸುತ್ತಿನಿಂದ ಕೆಳಗಿಳಿದು ಲಂಗರಿನ ಆಕಾರದಲ್ಲಿ ಹರಡಿದ ಗಾಯದ ಗುರುತು ವರ್ಷ ಕಳೆದರೂ ಪೂರ್ತಿ ಮಾಸಿಲ್ಲ, ಆದರೆ ಕತ್ತುನೋವಿಗೆಂದು ನಾನು ಮತ್ತೆ ಮಾತ್ರೆ ನುಂಗಿಲ್ಲ.