ಚವೇಲಾ ವರ್ಗಾಸ್ ಹಾಡು, ನನ್ನ ಗಿಟಾರ್: ಈ ತಿಂಗಳ ಅಭ್ಯಾಸ

ಗಾಯಕಿ ಚವೇಲಾ ವರ್ಗಾಸ್ ಹಾಡಿದ ‘ಲಾ ಯೊರೋನಾ’ದ ಮೊದಲ ಚರಣ ಈಗ ಕೈಗೆ ಕೂತಿದೆ. ಮೆಕ್ಸಿಕೋದ ವಾಹಾಕಾ ಕಡೆಯ ಹಳೇ ಜನಪದ ಹಾಡು. ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಸುಲಭ: ಎ ಮೈನರ್, ಡಿ ಮೈನರ್, ಇ. ಆಮೇಲೆ ಎ ಮೈನರ್‌ನಿಂದ ಜಿ, ಎಫ್, ಇ ಅಂತ ಒಂದೊಂದೇ ಮೆಟ್ಟಿಲು ಇಳಿಯಬೇಕು. ಮೂರು ಎಣಿಕೆ. ಒಂದಕ್ಕೆ ಹೆಬ್ಬೆರಳು ದಪ್ಪ ತಂತಿ ಮೀಟುತ್ತದೆ, ಎರಡು-ಮೂರಕ್ಕೆ ಉಳಿದ ಬೆರಳುಗಳು.

ಕಷ್ಟ ಇರುವುದು ಚವೇಲಾ ಹಾಡುವ ನಿಧಾನದಲ್ಲಿ. ಅವರು ಹಾಡುತ್ತಿದ್ದದ್ದು ರಾಂಚೇರಾ, ಅಂದರೆ ಮೆಕ್ಸಿಕೋದ ಒಂದು ಜನಪ್ರಿಯ ಹಾಡಿನ ಬಗೆ. ಅದಕ್ಕೆ ಸಾಮಾನ್ಯವಾಗಿ ಮರಿಯಾಚಿ ಎಂಬ ವಾದ್ಯ ತಂಡ ಇರಲೇಬೇಕು: ಟ್ರಂಪೆಟ್, ಪಿಟೀಲು, ದೊಡ್ಡ ಹೊಟ್ಟೆಯ ಗಿಟಾರೋನ್. ಇವರು ಅದನ್ನೆಲ್ಲ ಬಿಟ್ಟು ಬರೀ ಗಿಟಾರ್ ಇಟ್ಟುಕೊಂಡರು. 1961ರ ಮೊದಲ ಆಲ್ಬಂನಲ್ಲಿ ಆಂತೋನಿಯೊ ಬ್ರಿಬಿಯೆಸ್ಕಾ ನುಡಿಸಿದ್ದಾರೆ. ಅದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಬೇಕು. ತಾಳ ಎಣಿಸುವ ಮೆಟ್ರೊನೋಮ್ ಇಟ್ಟುಕೊಂಡು ನುಡಿಸಿದರೆ ಈ ಹಾಡು ಸತ್ತೇ ಹೋಗುತ್ತದೆ. ಸಾಲು ಮುಗಿದಾಗ ಹೆಬ್ಬೆರಳನ್ನು ತಡೆದು, ತಂತಿ ತಾನಾಗಿ ಮೊಳಗಲು ಬಿಡಬೇಕು. ಹಾಡುವವರು ಉಸಿರು ತೆಗೆದುಕೊಂಡ ಮೇಲೇ ಮುಂದಿನ ಮೀಟು. ಇದನ್ನು ಕಲಿಯೋಕೇ ಜಾಸ್ತಿ ಸಮಯ ಹಿಡಿಯಿತು.

ಜೊತೆಗೆ ಅವರ ಬದುಕಿನ ಬಗ್ಗೆಯೂ ಓದುತ್ತಿದ್ದೇನೆ. ಹುಟ್ಟಿದ್ದು 1919ರಲ್ಲಿ, ಕೋಸ್ಟರಿಕಾದಲ್ಲಿ. ಹದಿಹರೆಯದಲ್ಲೇ ಮೆಕ್ಸಿಕೋಗೆ ಬಂದು ಬೀದಿಯಲ್ಲಿ ಹಾಡಿದರು. ರಾಂಚೇರಾ ಗಾಯಕಿಯರು ಉದ್ದ ಲಂಗ ಉಟ್ಟು ವೇದಿಕೆಗೆ ಬರುತ್ತಿದ್ದ ಕಾಲ ಅದು. ಇವರು ಪ್ಯಾಂಟು, ಕೆಂಪು ಪೊಂಚೋ (ತಲೆಯ ಮೇಲಿಂದ ಹಾಕಿಕೊಳ್ಳುವ ಕಂಬಳಿಯಂಥ ಹೊದಿಕೆ) ಹಾಕಿಕೊಂಡು ಬಂದರು. ಗಂಡಸು ಹೆಣ್ಣಿಗಾಗಿ ಹಾಡುವ ಪದಗಳನ್ನು ಬದಲಿಸದೆ ಹಾಗೇ ಹಾಡಿದರು. ಎಂಥ ಧೈರ್ಯ ಅಲ್ವಾ! ಹೊಸೆ ಆಲ್ಫ್ರೆದೊ ಹಿಮೆನೆಸ್ ಅವರ ಗೆಳೆಯ. ಆತ ಬರೆದ ಹಾಡುಗಳು ಇವರ ದನಿಯಲ್ಲಿ ಬೇರೆಯೇ ಆಗಿ ಕೇಳುತ್ತವೆ.

ಆಮೇಲೆ ಕುಡಿತ. ವರ್ಷಗಟ್ಟಲೆ ವೇದಿಕೆಯಿಂದ ದೂರ. ತೀರಿಕೊಂಡಿದ್ದಾರೆ ಅಂತಲೇ ಎಷ್ಟೋ ಜನ ನಂಬಿದ್ದರು. 1991ರಲ್ಲಿ ಮೆಕ್ಸಿಕೋ ನಗರದ ಕೊಯೊಆಕಾನ್‌ನ ‘ಎಲ್ ಆಬಿತೊ’ ಎಂಬ ಪುಟ್ಟ ಜಾಗದಲ್ಲಿ ಮತ್ತೆ ಹಾಡಿದರು. 2003ರಲ್ಲಿ, 80 ದಾಟಿದ ಮೇಲೆ, ನ್ಯೂಯಾರ್ಕ್‌ನ ಹೆಸರಾಂತ ಸಂಗೀತ ಸಭಾಂಗಣ ಕಾರ್ನೆಗಿ ಹಾಲ್! 2012ರಲ್ಲಿ ತೀರಿಕೊಂಡರು. ನನಗೆ ಈ ಎರಡನೇ ಸರದಿಯ ದನಿಯೇ ಹೆಚ್ಚು ಇಷ್ಟ. ಒರಟಾಗಿದೆ, ಒಡೆದಿದೆ, ಆದರೆ ಒಂದು ಮಾತೂ ಸುಮ್ನೆ ಬರುವುದಿಲ್ಲ. ಅದಕ್ಕೇ ಅಭ್ಯಾಸಕ್ಕೂ ಆ ಕಾಲದ ರೆಕಾರ್ಡಿಂಗ್‌ಗಳನ್ನೇ ಹಿಡಿದಿದ್ದೇನೆ.

ಇನ್ನು ಕೊನೆಯ ಚರಣ ಬಾಕಿ. ಪಿಸುಮಾತಿನಲ್ಲಿ ಶುರುವಾದ ದನಿ ಅಲ್ಲಿ ಕೂಗಾಗುತ್ತದೆ. ಗಿಟಾರ್ ಜೋರಾಗಬೇಕು, ಆದರೆ ವೇಗ ಹೆಚ್ಚಬಾರದು. ನನ್ನ ಬಲಗೈ ಇನ್ನೂ ಅಲ್ಲಿ ಓಡುತ್ತಿದೆ. ಅದು ಹಿಡಿತಕ್ಕೆ ಬಂದ ಮೇಲೆ, ಚವೇಲಾ ತಾವೇ ರಾಗ ಹಾಕಿದ ‘ಮಕೋರಿನಾ’ ಎತ್ತಿಕೊಳ್ಳುತ್ತೇನೆ.