ಅಪ್ಪನ ಕಣ್ಣಲ್ಲಿ ಗ್ಯಾಸ್, ನನ್ನ ಕೈಯಲ್ಲಿ ಟಿಕೆಟ್

ಕಲಬುರಗಿಯಿಂದ ಕಾಶಿಗೆ ವಿಮಾನದಲ್ಲಿ ಹೋಗಬೇಕೆಂದರೆ ನಮ್ಮ ಕಡೆಯವರು ಮೊದಲು ಹೈದರಾಬಾದ್ ಹಾದಿ ಹಿಡಿಯುತ್ತಾರೆ. ಶ್ರೀನಿವಾಸ ಸರಡಗಿ ಹತ್ತಿರ ನಮ್ಮದೇ ಏರ್‌ಪೋರ್ಟ್ 2019ರಲ್ಲಿ ಶುರುವಾಯಿತು, ನಿಜ. ಆದರೆ ಅಲ್ಲಿಂದ ಕಾಶಿಗೆ ನೇರ ಹಾರುವ ಭಾಗ್ಯ ನಮಗಿಲ್ಲ. ಹಾಗಾಗಿ ಹೈದರಾಬಾದಿನ ಶಂಶಾಬಾದ್ ಏರ್‌ಪೋರ್ಟ್‌ನಿಂದ ವಾರಾಣಸಿಗೆ ಟಿಕೆಟ್ ಮಾಡಿಸಿದ್ದೆ. ಅಪ್ಪ, ಅವ್ವ, ನಾನು, ನನ್ನ ಹೆಂಡತಿ. ನಾಲ್ವರದೂ ಒಂದೇ ಪಿಎನ್‌ಆರ್. ಅಗ್ಗದ ದರ. ಅಂದರೆ ಕ್ಯಾನ್ಸಲ್ ಮಾಡಿದರೆ ಹೆಚ್ಚುಕಡಿಮೆ ಎಲ್ಲಾ ಹೋಯಿತು ಅನ್ನುವ ದರ.

ಹೊರಡುವುದಕ್ಕೆ ಇನ್ನೇನು ವಾರ ಇದೆ ಅನ್ನುವಾಗ ಅಪ್ಪ ಬೆಳಿಗ್ಗೆ ಎದ್ದು, "ಬಲಗಣ್ಣಿಗಿ ಒಂದ್ ಕಡಿಂದ ಪರದಾ ಬಿದ್ದಂಗ ಆಗ್ಯಾದ" ಅಂದರು. ಅದಕ್ಕೂ ಮುಂಚೆ ಕಣ್ಣ ಮುಂದೆ ನೊಣ ಹಾರಿದಂಗೆ, ಮಿಂಚು ಹೊಡೆದಂಗೆ ಆಗುತ್ತಿತ್ತಂತೆ. ಯಾರಿಗೂ ಹೇಳಿರಲಿಲ್ಲ. ಊರಿನ ಕಣ್ಣಿನ ಡಾಕ್ಟರು ನೋಡಿದ್ದೇ ತಡ, ರೆಟಿನಾ, ಅಂದರೆ ಕಣ್ಣಿನ ಒಳಗೋಡೆಗೆ ಅಂಟಿರುವ ಪರದೆ, ಕಿತ್ತು ಬಂದಿದೆ, ಕಾಯಬೇಡಿ, ಇವತ್ತೇ ಹೈದರಾಬಾದಿಗೆ ಹೋಗಿ ಅಂದರು. ಚಿತ್ತಾಪುರ, ಸೇಡಂ, ತಾಂಡೂರು, ವಿಕಾರಾಬಾದ್ ದಾಟಿ ಹೋಗುವ ರೈಲಿನಲ್ಲಿ ಹೋದೆವು. ಆಪರೇಷನ್ ಆಯಿತು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಚೆನ್ನಾಗಿಯೇ ಆಯಿತು.

ವಿಷಯ ಇರುವುದು ಆಮೇಲೆ. ಕಿತ್ತ ರೆಟಿನಾ ಮತ್ತೆ ಗೋಡೆಗೆ ಅಂಟಿಕೊಳ್ಳಲಿ ಎಂದು ಕಣ್ಣೊಳಗೆ ಒಂದು ಗ್ಯಾಸ್ ಗುಳ್ಳೆ ತುಂಬುತ್ತಾರೆ. ಅದು ತಾನಾಗಿಯೇ ಕರಗುತ್ತದೆ. ಯಾವ ಗ್ಯಾಸ್ ಅನ್ನುವುದರ ಮೇಲೆ ಕೆಲವು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ವಿಮಾನ ಹತ್ತುವ ಹಾಗೇ ಇಲ್ಲ. ಡಾಕ್ಟರು ಸರಳವಾಗಿ ಹೇಳಿದರು. ವಿಮಾನದ ಒಳಗೆ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟೇ ಇರುತ್ತದೆ. ಘಟ್ಟ ಹತ್ತುವಾಗ ಚಿಪ್ಸ್ ಪ್ಯಾಕೆಟ್ ಉಬ್ಬುವುದನ್ನು ನೋಡಿದ್ದೀರಲ್ಲ, ಕಣ್ಣೊಳಗಿನ ಗುಳ್ಳೆ ಹಾಗೆ ಉಬ್ಬಿದರೆ ದೃಷ್ಟಿಯೇ ಹೋಗಬಹುದು. ಅಪ್ಪನ ಮಣಿಕಟ್ಟಿಗೆ ಒಂದು ಪಟ್ಟಿಯನ್ನೂ ಕಟ್ಟಿದರು, ಕಣ್ಣಲ್ಲಿ ಗ್ಯಾಸ್ ಇದೆ, ವಿಮಾನ ಪ್ರಯಾಣ ಬೇಡ ಎಂದು. ವಾಪಸ್ ಕಲಬುರಗಿಗೆ ರೈಲಿನಲ್ಲಿ ಹೋಗಬಹುದಾ ಅಂತ ಕೇಳಿದೆ. ಆ ದಾರಿಯಲ್ಲಿ ದೊಡ್ಡ ಘಟ್ಟ ಏನೂ ಇಲ್ಲ, ತಲೆ ಬಗ್ಗಿಸಿಕೊಂಡು ಕೂರಲಿ ಸಾಕು ಅಂದರು.

ಮನೆಗೆ ಬಂದ ಮೇಲೆ, ಗುಳ್ಳೆ ರೆಟಿನಾವನ್ನು ಒತ್ತಿ ಹಿಡಿಯಲಿ ಎಂದು, ಅಪ್ಪ ಹಗಲೂ ರಾತ್ರಿ ಬೋರಲು. ಮಂಚದ ತುದಿಯಲ್ಲಿ ಎರಡು ದಿಂಬು, ಅದರ ಮೇಲೆ ಹಣೆ. ನಾನು ಪಕ್ಕದಲ್ಲಿ ಕೂತು ಏರ್‌ಲೈನ್‌ಗೆ ಫೋನ್ ಹಚ್ಚಿದ್ದೆ, ಸ್ಪೀಕರ್ ಮೇಲೆ. ಹೋಲ್ಡ್ ಸಂಗೀತ ನಿಲ್ಲುತ್ತಲೇ ಇರಲಿಲ್ಲ. "ಆ ಬಾಜಾ ಬಂದ್ ಮಾಡೋ, ತಲಿ ಚಿಟ್ ಹಿಡಿಲಕತ್ತದ" ಎಂದು ದಿಂಬಿನೊಳಗಿಂದಲೇ ಬೈದರು. ಪಾಪ, ಎದ್ದು ಹೋಗೋಣ ಅಂದರೆ ಅವರಿಗೆ ಅದೂ ಆಗದು.

ಆ್ಯಪ್‌ನಲ್ಲಿ ಕ್ಯಾನ್ಸಲ್ ಬಟನ್ ಕಣ್ಣೆದುರೇ ಇತ್ತು. ಒತ್ತಲಿಲ್ಲ. ಒತ್ತಿದರೆ ಶುಲ್ಕ ತಾನಾಗಿಯೇ ಮುರಿದುಕೊಂಡು ಕೇಸ್ ಮುಗಿಯುತ್ತದೆ, ಆಮೇಲೆ ಕೇಳುವುದು ಕಷ್ಟ. ಹಾಗಂತ ವಿಮಾನ ಹೊರಡುವವರೆಗೆ ಸುಮ್ನೆ ಕೂತರೆ ನೋ ಶೋ, ಅಂದರೆ ಹೇಳದೆ ಕೇಳದೆ ಬರಲೇ ಇಲ್ಲ ಅಂತಾರೆ, ವಿನಾಯಿತಿಯ ಮಾತೇ ಇರುವುದಿಲ್ಲ. ಹಾಗಾಗಿ ಮೊದಲು ಫೋನಿನಲ್ಲಿ ವಿಷಯ ಹೇಳಿ, ಪಿಎನ್‌ಆರ್‌ನಲ್ಲಿ 'ಮೆಡಿಕಲ್' ಎಂದು ನೋಟ್ ಹಾಕಿಸಿ, ದೂರಿನ ನಂಬರ್ ಪಡೆದೆ. ಅದಾದ ಮೇಲೆಯೇ, ವಿಮಾನ ಹೊರಡುವ ಮುಂಚೆ, ಅವರ ಕೈಯಿಂದಲೇ ಕ್ಯಾನ್ಸಲ್ ಮಾಡಿಸಿದೆ.

ಆಸ್ಪತ್ರೆಯ ಕಾಗದ ಮೇಲ್ ಮಾಡಿದೆ. ಉತ್ತರ ಬಂತು: ರೋಗಿ ಆಸ್ಪತ್ರೆಯಲ್ಲಿ ದಾಖಲಾಗಿಲ್ಲ, ಆದ್ದರಿಂದ ವಿನಾಯಿತಿ ಅನ್ವಯಿಸುವುದಿಲ್ಲ.

ಇದು ನನಗೆ ನಿಜಕ್ಕೂ ಸಿಟ್ಟು ಬರಿಸಿತು. ಇಂಥ ಆಪರೇಷನ್ ಈಗ ಎಷ್ಟೋ ಕಡೆ ಡೇ ಕೇರ್‌ನಲ್ಲೇ ಮುಗಿಯುತ್ತದೆ. ಬೆಳಿಗ್ಗೆ ಒಳಗೆ, ಸಂಜೆ ಹೊರಗೆ. ರಾತ್ರಿ ಆಸ್ಪತ್ರೆಯಲ್ಲಿ ಮಲಗದ ಮನುಷ್ಯ ಆರಾಮಾಗಿದ್ದಾನೆ ಎಂದು ಲೆಕ್ಕವಾ? ಜ್ವರಕ್ಕೆ ಎರಡು ದಿನ ಅಡ್ಮಿಟ್ ಆದವನು ಮೂರನೇ ದಿನ ವಿಮಾನ ಹತ್ತಬಹುದು. ನಮ್ಮಪ್ಪ ಹತ್ತಿದರೆ ಕಣ್ಣೇ ಹೋಗುತ್ತದೆ.

ಆದರೆ ನಾನು ಕಳಿಸಿದ ಕಾಗದವನ್ನು ಏರ್‌ಲೈನ್‌ನವರ ಕಣ್ಣಿನಿಂದ ಓದಿ ನೋಡಿದೆ. ಅದರಲ್ಲಿ ಆಪರೇಷನ್ ಹೆಸರು, ಹನಿ ಔಷಧಿ ಪಟ್ಟಿ, ವಿಶ್ರಾಂತಿ ಅಂತ ಇತ್ತು. ವಿಮಾನದ ಸುದ್ದಿಯೇ ಇರಲಿಲ್ಲ. ಮಣಿಕಟ್ಟಿನ ಪಟ್ಟಿಯಲ್ಲಿ ಇದ್ದ ಮಾತು ಲೆಟರ್‌ಹೆಡ್ ಮೇಲೆ ಇರಲಿಲ್ಲ! ಇನ್ನೊಂದು ತೊಡಕು, ಟಿಕೆಟ್‌ನಲ್ಲಿ ಆಧಾರ್ ಹೆಸರು, ಆಸ್ಪತ್ರೆ ಫೈಲಿನಲ್ಲಿ ಎಲ್ಲರೂ ಕರೆಯುವ ಹೆಸರು. ಡಾಕ್ಟರಿಗೆ ಮೆಸೇಜ್ ಮಾಡಿದೆ. ಒಳ್ಳೆಯ ಮನುಷ್ಯ, ಹೊಸ ಪತ್ರ ಕಳಿಸಿದರು. ಆಧಾರ್‌ನಲ್ಲಿರುವ ಹೆಸರು, ಆಪರೇಷನ್ ತಾರೀಖು, ಕಣ್ಣೊಳಗೆ ಗ್ಯಾಸ್ ಇದೆ, ಇಂಥ ದಿನದವರೆಗೆ ವಿಮಾನ ಪ್ರಯಾಣಕ್ಕೆ ಯೋಗ್ಯರಲ್ಲ, ಜೊತೆಗೆ ಒಬ್ಬರು ಇರಲೇಬೇಕು, ಸಹಿ, ಸೀಲು, ರಿಜಿಸ್ಟ್ರೇಷನ್ ನಂಬರ್. ಅಷ್ಟೇ. ಅರ್ಧ ಪುಟ ಕೂಡ ಇಲ್ಲ.

ಅಪ್ಪ ಅಷ್ಟೊತ್ತಿಗೆ ಕೈ ಚೆಲ್ಲಿದ್ದರು. "ರೊಕ್ಕ ಹೋದ್ರ ಹೋಗ್ಲಿ ಬಿಡು, ಕಣ್ಣು ಉಳದದಲ್ಲ." ಅವ್ವ ಬಿಡುವ ಪೈಕಿ ಅಲ್ಲ. ಟಿಕೆಟ್ ಬಿಲ್ಲಿನ ಒಂದೊಂದೇ ಸಾಲು ಓದಿಸಿಕೊಂಡಳು. ಯೂಸರ್ ಡೆವಲಪ್‌ಮೆಂಟ್ ಫೀ ಅಂದರೆ ಏನು ಅಂದಳು. ಏರ್‌ಪೋರ್ಟ್ ಬಳಸುವುದಕ್ಕೆ ಕೊಡುವುದು ಅಂದೆ. "ನಾವು ಏರ್‌ಪೋರ್ಟ್ ಮೆಟ್ಟಿಲೇ ಹತ್ತಿಲ್ಲ, ಅದ್ಯಾಕ ಇಟ್ಕೋತಾರ?"

ವಿಮಾನಯಾನ ನಿರ್ದೇಶನಾಲಯದ (ಡಿಜಿಸಿಎ) ನಿಯಮವೂ ಅವ್ವನ ಮಾತನ್ನೇ ಹೇಳುತ್ತದೆ. ಡಿಜಿಸಿಎ 2016ರಲ್ಲಿ ಬಿಗಿ ಮಾಡಿದ ರಿಫಂಡ್ ನಿಯಮದ ಪ್ರಕಾರ, ಟಿಕೆಟ್ ಎಷ್ಟೇ ಅಗ್ಗದ್ದಿರಲಿ, 'ನಾನ್ ರಿಫಂಡಬಲ್' ಅಂತ ಬರೆದಿರಲಿ, ಸರ್ಕಾರದ ತೆರಿಗೆ ಮತ್ತು ಏರ್‌ಪೋರ್ಟ್ ಶುಲ್ಕ ವಾಪಸ್ ಕೊಡಲೇಬೇಕು. ಕ್ಯಾನ್ಸಲೇಷನ್ ಶುಲ್ಕ ಮೂಲ ದರ ಮತ್ತು ಇಂಧನ ಸರ್‌ಚಾರ್ಜ್ ಸೇರಿದ ಮೊತ್ತಕ್ಕಿಂತ ಜಾಸ್ತಿ ಹಾಕುವಂತಿಲ್ಲ. ಹಣದ ಬದಲು ಕ್ರೆಡಿಟ್ ಶೆಲ್, ಅಂದರೆ ಮುಂದಿನ ಟಿಕೆಟ್‌ಗೆ ಬಳಸುವ ಜಮೆ, ಇಟ್ಟುಕೊಳ್ಳಬೇಕಾ ಬೇಡವಾ ಅನ್ನುವುದು ಪ್ರಯಾಣಿಕನ ಇಷ್ಟ, ಕಂಪನಿಯದಲ್ಲ. ಪೋರ್ಟಲ್ ಮೂಲಕ ಬುಕ್ ಮಾಡಿದ್ದರೂ ರಿಫಂಡ್‌ನ ಹೊಣೆ ಏರ್‌ಲೈನ್‌ನದೇ. ನಾನು ಕ್ಯಾನ್ಸಲ್ ಮಾಡಿಸಿದ ಹೊತ್ತಿಗೆ ಅದಕ್ಕೆ 30 ಕೆಲಸದ ದಿನಗಳ ಗಡುವು ಇತ್ತು. ಆದರೆ ಉಳಿದ ಮೂಲ ದರ, ಅದು ನಮಗೆ ಹಕ್ಕಿನಿಂದ ಬರುವುದಲ್ಲ. ಅಲ್ಲಿ ಡಾಕ್ಟರ ಪತ್ರವೇ ಕೆಲಸ ಮಾಡಬೇಕು.

ಹಾಗಾಗಿ ಎರಡನೇ ಮೇಲ್‌ನಲ್ಲಿ ಗೋಳು ಬರೆಯಲಿಲ್ಲ. ಇದು ನಿಯಮದ ಪ್ರಕಾರ ಕೊಡಬೇಕಾದದ್ದು, ಇದು ನಾವು ವಿನಂತಿಸುತ್ತಿರುವುದು ಎಂದು ಬೇರೆ ಬೇರೆ ಬರೆದೆ. ಏರ್‌ಲೈನ್‌ನವರದೇ ವೆಬ್‌ಸೈಟ್‌ನಲ್ಲಿ ಇದ್ದ, ದೂರು ನೋಡಿಕೊಳ್ಳುವ ನೋಡಲ್ ಆಫೀಸರ್‌ಗೆ ಕಳಿಸಿದೆ. ಸದ್ದಿಲ್ಲ. ಕೇಂದ್ರ ವಿಮಾನಯಾನ ಸಚಿವಾಲಯದ ದೂರಿನ ಪೋರ್ಟಲ್ ಏರ್‌ಸೇವಾದಲ್ಲಿ ದೂರು ಹಾಕಿದೆ. ಅದಾದ ಮೇಲೆ ಏರ್‌ಲೈನ್‌ನವರೇ ಫೋನ್ ಮಾಡಿದರು, ಅದೂ ಬಹಳ ನಯವಾಗಿ. ಮೊದಲು ವಿನಾಯಿತಿ ರೋಗಿಯೊಬ್ಬರಿಗೆ ಮಾತ್ರ ಅಂದರು. ಪತ್ರದಲ್ಲಿ ಜೊತೆಗೆ ಒಬ್ಬರು ಇರಬೇಕು ಎಂದು ಇದೆಯಲ್ಲ, ಅಪ್ಪನ ಕಣ್ಣಿಗೆ ಹನಿ ಹಾಕುವವಳು ಅವ್ವ, ಆಕೆ ಒಬ್ಬಳೇ ಕಾಶಿಗೆ ಹೋಗಬೇಕಿತ್ತಾ ಅಂದೆ.

ಕೊನೆಗೆ ಅಪ್ಪ ಅವ್ವನ ಟಿಕೆಟ್‌ಗೆ ಕ್ಯಾನ್ಸಲೇಷನ್ ಶುಲ್ಕ ಪೂರ್ತಿ ಮನ್ನಾ. ನಮ್ಮಿಬ್ಬರದಕ್ಕೆ ಎರಡು ದಾರಿ ಕೊಟ್ಟರು: ಬರೀ ತೆರಿಗೆ ಮತ್ತು ಏರ್‌ಪೋರ್ಟ್ ಶುಲ್ಕ ನಗದಾಗಿ, ಇಲ್ಲವೇ ಪೂರ್ತಿ ಮೊತ್ತ ಕ್ರೆಡಿಟ್ ಆಗಿ. ಕ್ರೆಡಿಟ್ ತೆಗೆದುಕೊಂಡೆ. ಹೇಗೂ ಕಾಶಿಗೆ ಹೋಗುವವರೇ, ಒಂದು ವರ್ಷ ಅವಧಿ ಇದೆ. ವಾಯಿದೆ ಮುಗಿಯುವ ತಾರೀಖನ್ನು ಮಾತ್ರ ಮೇಲ್‌ನಲ್ಲಿ ಬರೆಸಿಕೊಂಡೆ.

ಅಷ್ಟರಲ್ಲಿ ಅಪ್ಪನ ಗುಳ್ಳೆ ಕರಗುತ್ತಾ ಬಂದಿತ್ತು. ಕಣ್ಣೊಳಗೆ ಒಂದು ಅಡ್ಡಗೆರೆ ಕಾಣುತ್ತದಂತೆ, ಅದು ದಿನಾ ಸ್ವಲ್ಪ ಕೆಳಗೆ ಇಳಿಯುತ್ತದಂತೆ. ಚಹಾ ಕುಡಿಯುವಾಗ ಅದರದೇ ವರದಿ. "ಇವತ್ತ ಬಟಾಣಿಯಷ್ಟು ಆಗ್ಯಾದ ನೋಡು."

ಹಣ ಬಂದ ದಿನ ಅವ್ವ ಮತ್ತೆ ಬಿಲ್ಲು ತರಿಸಿದಳು. ಬ್ಯಾಂಕಿನ ಮೆಸೇಜ್ ಓದಿಸಿದಳು. ಕೂಡಿಸಿ ನೋಡಿ, "ಇನ್ನೂ ಕಡಿಮಿ ಅದ" ಅಂದಳು. ಅದು ಬುಕ್ ಮಾಡಿದ ಪೋರ್ಟಲ್‌ನವರ ಕನ್ವೀನಿಯನ್ಸ್ ಫೀ, ಅವರು ವಾಪಸ್ ಕೊಡುವುದಿಲ್ಲ ಎಂದು ಮೊದಲೇ ಬರೆದಿದ್ದಾರೆ, ಬಿಡು ಅಂದೆ.

"ಅವರ ನಂಬರ್ ಹಚ್ಚಿ ಕೊಡು, ನಾ ಮಾತಾಡ್ತೀನಿ" ಅಂದಳು.