ಕಾಲಬುಡದ ಬಲ್ಬು

17 ನವೆಂಬರ್ 2024, ಭಾನುವಾರ
ಕುಂದಾಪುರ

ಕೈಯ ಪೆಟ್ರೋಲ್ ವಾಸನೆ ಇನ್ನೂ ಹೋಗಿಲ್ಲ. ಸೋಪು ಹಾಕಿ ಮೂರು ಸಲ ತೊಳೆದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಮಾತಾಡದೆ ತಟ್ಟೆ ಪಕ್ಕ ಚಮಚ ಇಟ್ಟಳು. ಮೀನುಸಾರು ಅನ್ನಕ್ಕೆ ಚಮಚ!

ದೋಣಿಯ ಎಂಜಿನ್ನಿಗೆ ಬಲಿಯಾದ ಮೂರನೇ ಭಾನುವಾರ ಇದು. 9.9 ಎಚ್‌ಪಿಯ ಹಳೇ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್), ಎರಡು ಸಿಲಿಂಡರಿನ ಟೂ-ಸ್ಟ್ರೋಕ್. ಹೊಳೆ ದಾಟಿ ಕುದ್ರುವಿನ (ಹೊಳೆಯ ನಡುಗಡ್ಡೆಯ) ತೋಟಕ್ಕೆ ಹೋಗಿಬರಲು, ಬಿಡುವಾದಾಗ ನಾಲ್ಕು ಕಾಣೆ ಮೀನಿಗೆ ಗಾಳ ಹಾಕಲು ಅದು ಧಾರಾಳ ಸಾಕು. ಅದರ ತಕರಾರು ವಿಚಿತ್ರ. ಸ್ಟಾರ್ಟ್ ಆಗುವುದು ಒಂದೇ ಎಳೆತಕ್ಕೆ. ನಿಧಾನಕ್ಕೆ ಹೋದರೆ ಏನೂ ತೊಂದರೆ ಇಲ್ಲ. ಥ್ರಾಟಲ್ ಪೂರ್ತಿ ತಿರುಗಿಸಿ ಎರಡು ನಿಮಿಷ ಆಗುತ್ತಲೇ ಮುಗ್ಗರಿಸುತ್ತದೆ. ಗುಂಯ್ ಅನ್ನುವ ಸದ್ದು ಇಳಿದು, ಬಡಬಡ ಅಂದು, ಮತ್ತೆ ಏರಿ, ಮತ್ತೆ ಇಳಿಯುತ್ತದೆ. ಥ್ರಾಟಲ್ ಇಳಿಸಿದರೆ ಏನೂ ಆಗದವರ ಹಾಗೆ ಸುಧಾರಿಸಿಕೊಳ್ಳುತ್ತದೆ.

ಮೊದಲ ಭಾನುವಾರ ಕಿಡಿ ಹೊತ್ತಿಸುವ ಪ್ಲಗ್ ಎರಡನ್ನೂ ಬಿಚ್ಚಿದೆ. ಮೇಲಿನದು ಬಿಸ್ಕತ್ತಿನ ಬಣ್ಣ, ಅಂದರೆ ಸರಿ. ಕೆಳಗಿನದೂ ಹಾಗೇ, ಸ್ವಲ್ಪ ಬಿಳಿಚಿಕೊಂಡಿತ್ತು. ಆ ಬಿಳಿ ಬಣ್ಣವನ್ನು ಅವತ್ತೇ ಗಂಭೀರವಾಗಿ ತಗೊಳ್ಳಬೇಕಿತ್ತು. ಪ್ಲಗ್ ಕಪ್ಪಗೆ ಎಣ್ಣೆ ಎಣ್ಣೆಯಾಗಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅಥವಾ ಕಿಡಿ ಸಾಲುತ್ತಿಲ್ಲ. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಕಾಗುತ್ತಿಲ್ಲ. ನಾನೋ, ಎರಡಕ್ಕೂ ಹೊಸ ಪ್ಲಗ್ ಹಾಕಿ ಜಾಣನಾದೆ. ಏನೂ ಬದಲಾಗಲಿಲ್ಲ.

ಎರಡನೇ ಭಾನುವಾರ ಪೆಟ್ರೋಲಿನ ಮೇಲೆ ಅನುಮಾನ. ಈಗ ಬಂಕಿನಲ್ಲಿ ಸಿಗುವುದು ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಕರಾವಳಿಯ ಗಾಳಿಯಲ್ಲಿ ತೇವಕ್ಕೇನು ಬರವೇ? ಟ್ಯಾಂಕಿನ ತಳದಿಂದ ಒಂದು ಲೋಟದಷ್ಟು ತೆಗೆದು ಉಪ್ಪಿನಕಾಯಿಯ ಗಾಜಿನ ಬಾಟಲಿಗೆ ಹಾಕಿ ಅರ್ಧ ಗಂಟೆ ಬಿಟ್ಟೆ. ನೀರಿದ್ದರೆ ತಳದಲ್ಲಿ ಬೇರೆಯೇ ಪದರ ಕಾಣಬೇಕು. ಕಾಣಲಿಲ್ಲ. ಪೆಟ್ರೋಲಿಗೆ ಬೆರೆಸುವ ಆಯಿಲಿನ ಲೆಕ್ಕವೂ ಸರಿ ಇತ್ತು, ಲೀಟರಿಗೆ 20 ಮಿಲಿ.

ಆಮೇಲೆ ಕಾರ್ಬೊರೇಟರ್, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ. ಐಡಲಿಂಗಿಗೆ ಬೇರೆ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು), ವೇಗಕ್ಕೆ ಬೇರೆ ಜೆಟ್. ನಿಧಾನದಲ್ಲಿ ಚೆನ್ನಾಗಿದ್ದು ವೇಗದಲ್ಲಿ ಮುಗ್ಗರಿಸಿದರೆ ಮೇನ್ ಜೆಟ್ ಕಟ್ಟಿರಬಹುದು ಅಂತ ಯಾರಿಗಾದರೂ ಅನಿಸುತ್ತದೆ. ಬಿಚ್ಚಿ, ಹಿತ್ತಾಳೆಯ ಆ ಪುಟ್ಟ ಜೆಟ್ಟನ್ನು ಆಕಾಶಕ್ಕೆ ಹಿಡಿದು ನೋಡಿದೆ. ಸಾಸಿವೆಗಿಂತ ಚಿಕ್ಕ ತೂತಿನಲ್ಲಿ ದುಂಡಗೆ ಬೆಳಕು ಬಂತು. ಆದರೂ ಕ್ಲೀನರ್ ಸ್ಪ್ರೇ ಹೊಡೆದು, ಗಾಳಿ ಊದಿದೆ. ಅದಕ್ಕೆ ಸೂಜಿ, ಉಕ್ಕಿನ ತಂತಿ ತೂರಿಸಲೇಬಾರದು. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಲೆಕ್ಕ ಕೆಟ್ಟಿತು. ಎಲ್ಲ ಜೋಡಿಸಿ, ಅಂಗಳದಲ್ಲಿ ನೀರು ತುಂಬಿದ ಡ್ರಮ್ಮಿಗೆ ಇಳಿಸಿ ಸ್ಟಾರ್ಟ್ ಮಾಡಿದರೆ ಗಡಿಯಾರದ ಹಾಗೆ ಓಡಿತು. ಗೆದ್ದೆ ಅಂದುಕೊಂಡೆ. ಮರುದಿನ ಹೊಳೆಯಲ್ಲಿ ಮತ್ತದೇ ಬಡಬಡ.

ಡ್ರಮ್ಮಿನಲ್ಲಿ ಎಂಜಿನ್ನಿಗೆ ಭಾರವೇ ಇರುವುದಿಲ್ಲ, ಹಾಗಾಗಿ ಅದು ಕುಡಿಯುವ ಪೆಟ್ರೋಲೂ ಕಡಿಮೆ. ಇದು ನನಗೆ ಹೊಳೆಯಲು ಇನ್ನೊಂದು ವಾರ ಬೇಕಾಯಿತು. ಅಷ್ಟರಲ್ಲಿ ಒಬ್ಬ ಮೆಕ್ಯಾನಿಕ್ ಫೋನಿನಲ್ಲೇ ಸದ್ದು ಕೇಳಿ, ಕಾರ್ಬೊರೇಟರ್ ಹೊಸದೇ ಹಾಕಬೇಕು ಅಂದಿದ್ದರು. ರೇಟು ಕೇಳಿ ಸುಮ್ನೆ ಫೋನಿಟ್ಟೆ.

ಇವತ್ತು ಬೆಳಿಗ್ಗೆ ಸೋದರಮಾವನನ್ನು ಕರೆದೆ. ನಾಡದೋಣಿಯಲ್ಲಿ ಮೀನು ಹಿಡಿದೇ ಬದುಕಿದವರು. ಅವರದು ಸೀಮೆಎಣ್ಣೆ ಎಂಜಿನ್. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ದಡಕ್ಕೆ ಬರುವಾಗ ಮತ್ತೆ ಪೆಟ್ರೋಲಿಗೆ ತಂದೇ ನಿಲ್ಲಿಸಬೇಕು. ಇಲ್ಲದಿದ್ದರೆ ಮಾರನೇ ದಿನ ಎಳೆದೂ ಎಳೆದೂ ರಟ್ಟೆ ಬೀಳುತ್ತದೆ. ಇಷ್ಟೆಲ್ಲ ಸಂಭಾಳಿಸಿದವರಿಗೆ ನನ್ನ ಎಂಜಿನ್ ಆಟಿಕೆ.

ಹುಣ್ಣಿಮೆ ಕಳೆದು ಎರಡೇ ದಿನ ಆದ್ದರಿಂದ ನೀರಿನ ಸೆಳೆತ ಜೋರಾಗಿತ್ತು. ಅಳಿವೆಯ ಕಡೆ ಹೋಗುವುದು ಬೇಡ ಅಂದರು ಮಾವ. ಕುದ್ರುವಿನ ಮರೆಯಲ್ಲೇ ಥ್ರಾಟಲ್ ತಿರುಗಿಸಿದೆ. ನಾನು ಎಂದಿನಂತೆ ಹಿಂದೆ ತಿರುಗಿ ಎಂಜಿನ್ನನ್ನೇ ದಿಟ್ಟಿಸುತ್ತಿದ್ದೆ. ಮಾವ ಮಾತ್ರ ಬಗ್ಗಿ ದೋಣಿಯ ತಳ ನೋಡುತ್ತಿದ್ದರು. ಮುಗ್ಗರಿಕೆ ಶುರುವಾಯಿತು.

"ಎಂಜಿನ್ ಕಾಣ್ಕಂಡ್ ಕೂಕಂಡ್ರೆ ಆತಿಲ್ಲ ಮಾರಾಯಾ. ಬಲ್ಬ್ ಕಾಣ್."

ಟ್ಯಾಂಕಿನಿಂದ ಬರುವ ಹೋಸಿನ ನಡುವೆ ಕೈಯಿಂದ ಹಿಚುಕುವ ರಬ್ಬರ್ ಬಲ್ಬ್ ಇರುತ್ತದಲ್ಲ, ಅದು ನನ್ನ ಕಾಲಬುಡದಲ್ಲೇ ಒಣ ಖರ್ಜೂರದ ಹಾಗೆ ಚಪ್ಪಟೆಯಾಗಿ ಬಿದ್ದಿತ್ತು. ಎಂಜಿನ್ ಎಳೆಯುತ್ತಿದೆ, ಹಿಂದಿನಿಂದ ಪೆಟ್ರೋಲ್ ಬರುತ್ತಿಲ್ಲ. ಹಾಗಾದರೆ ತೊಂದರೆ ಇರುವುದು ಬಲ್ಬಿನಿಂದ ಟ್ಯಾಂಕಿನ ಕಡೆಗೆ. ಎಂಜಿನ್ನಿನಲ್ಲಿ ಅಲ್ಲವೇ ಅಲ್ಲ! ಮೂರು ವಾರ ನಾನು ಬಿಚ್ಚಿದ್ದೆಲ್ಲ ಆಚೆ ಕಡೆಯದು.

ಮೊದಲು ಟ್ಯಾಂಕ್ ಮುಚ್ಚಳದಲ್ಲಿ ಗಾಳಿ ಒಳಗೆ ಬಿಡುವ ಸ್ಕ್ರೂ ನೋಡಿದರು. ತೆರೆದೇ ಇತ್ತು. ಮುಚ್ಚಳವನ್ನೇ ಸಡಿಲಿಸಿದರೂ ಬಲ್ಬ್ ಚಪ್ಪಟೆಯೇ. ದಡಕ್ಕೆ ಬಂದು, ಅದೇ ಟ್ಯಾಂಕಿಗೆ ಮಾವನ ದೋಣಿಯ ಹೋಸ್ ಹಾಕಿದೆವು. ಒಂದೇ ಕಂಪನಿಯ ಎಂಜಿನ್, ಹಾಗಾಗಿ ಕನೆಕ್ಟರ್ ಕೂತಿತು. ಹತ್ತು ನಿಮಿಷ ಪೂರ್ತಿ ಥ್ರಾಟಲ್. ಒಂದು ಸಲವೂ ಕೆಮ್ಮಲಿಲ್ಲ.

ನನ್ನ ಹೋಸನ್ನು ಜಗಲಿಯಲ್ಲಿ ಕೂತು ಚಾಕುವಿನಿಂದ ಉದ್ದಕ್ಕೆ ಸೀಳಿದೆ. ಹೊರಗೆ ಒಂದು ಬಿರುಕಿಲ್ಲ. ಒಳಗೆ ಈರುಳ್ಳಿ ಸಿಪ್ಪೆಯಂಥ ತೆಳು ಪದರ ಗೋಡೆ ಬಿಟ್ಟು ಎದ್ದು, ಒಂದು ಕಡೆ ನಾಲಿಗೆಯ ಹಾಗೆ ಜೋತುಬಿದ್ದಿತ್ತು. ಮೆಲ್ಲಗೆ ಎಳೆದರೆ ಪೆಟ್ರೋಲ್ ಅದರ ಪಕ್ಕದಲ್ಲಿ ನುಸುಳುತ್ತದೆ. ಜೋರಾಗಿ ಎಳೆದರೆ ನಾಲಿಗೆ ಮಡಚಿ ದಾರಿಗೆ ಅಡ್ಡ ಬರುತ್ತದೆ. ಬಿಸಿಲೋ, ಎಥೆನಾಲೋ, ವಯಸ್ಸೋ, ಮೂರೂ ಸೇರಿಯೋ.

ಹೀಗೇ ಓಡಿಸಿಕೊಂಡು ಇದ್ದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಟೂ-ಸ್ಟ್ರೋಕಿನಲ್ಲಿ ಆಯಿಲ್ ಬರುವುದೂ ಪೆಟ್ರೋಲಿನ ಜೊತೆಗೇ. ಪೆಟ್ರೋಲ್ ಕಮ್ಮಿ ಅಂದರೆ ಆಯಿಲೂ ಕಮ್ಮಿ, ಬಿಸಿ ಜಾಸ್ತಿ, ಕೊನೆಗೆ ಪಿಸ್ಟನ್ ಜಾಮ್. ಆ ಬಿಳಿಚಿದ ಪ್ಲಗ್ ಹೇಳುತ್ತಿದ್ದುದು ಅದನ್ನೇ.

ಸಂಜೆ ಪೇಟೆಯಲ್ಲಿ ಹೊಸ ಹೋಸ್ ಸಿಕ್ಕಿತು, ಸರಿಯಾದ ಸೈಜಿನ ಕ್ಲಿಪ್ ಸಿಗಲಿಲ್ಲ. ಸದ್ಯಕ್ಕೆ ತಂತಿ ಸುತ್ತಿ ಬಿಗಿದಿದ್ದೇನೆ. ಮಾವನ ಹೋಸ್ ವಾಪಸ್ ಕೊಡಲು ಹೋದಾಗ ಆ ತಂತಿಯ ವಿಷಯ ಹೇಳಲಿಲ್ಲ. ಹೇಳಿದ್ದರೆ ಇನ್ನೊಂದು ಪಾಠ ಆಗುತ್ತಿತ್ತು. ನಾಳೆ ಕ್ಲಿಪ್ ಹುಡುಕಬೇಕು.